ನಾಲ್ಕು ಹೆಜ್ಜೆಗೆ ನೂರು ಮೀಟರಿನ ರಿಮೋಟು

ಕೈಯಲ್ಲಿ ಕ್ಯಾಮೆರಾ ಹಿಡಿದವನಿಗೆ ಆಗುವ ಫಜೀತಿಗಳಿಗೆ ಕೊನೆ ಎಂಬುದಿಲ್ಲ. ಹಿಡಿದವನು ನನ್ನಂಥ ಕನಸುಗಾರನಾದರಂತೂ ಅವು ವಿಳಾಸ ಕೇಳಿಕೊಂಡು ಮನೆಗೇ ಬರುತ್ತವೆ. ನಾನು ಧಾರವಾಡದ ಒಂದು ಸಾಲೆಯಲ್ಲಿ ಚಿತ್ರಕಲೆ ಕಲಿಸುವ ಮಾಸ್ತರ. ಫೋಟೊ ತೆಗೆಯುವ ಹುಚ್ಚು. ಏನಾದರೂ ಯೋಚಿಸಲು ಶುರು ಮಾಡಿದರೆ ನನ್ನ ಕಣ್ಣು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. "ಕಣ್ಣ ಮುಚ್ಚಿದ್ರಂದ್ರ ಇವ್ರು ಊರಾಗಿಲ್ಲಂತ ತಿಳ್ಕೋರಿ," ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳಿ ಚಹಾಕ್ಕೆ ಇಡುತ್ತಾಳೆ. ಇಂಥವನು ಒಂದು ರಿಮೋಟು ಕೊಳ್ಳಲು ಹೊರಟರೆ ಏನಾಗುತ್ತದೆ ಎಂಬುದು ಈ ಕೆಳಗಿದೆ.

೧. ದೊಡ್ಡ ಮಗನ ನೆರಳು

ಒಂದು ಸಂಜೆ ಸಪ್ತಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅವ್ವ ಬಾಜೂಮನೆಯ ರಾಯರ ಹೆಂಡತಿ ಬಾಯಾರಿಗೆ ಆಲ್ಬಮ್ ತೋರಿಸುತ್ತಿದ್ದಳು. ಒಂದೊಂದೇ ಮುಖದ ಗಲ್ಲ ಸವರಿ ಪರಿಚಯ ಮಾಡಿಕೊಡುವುದು ಅವಳ ಪದ್ಧತಿ.

"ಇಕಿ ಮಗಳು. ಇಂವಾ ನಡುವಿನಾಂವಾ. ಇಂವಾ ಸಣ್ಣಾಂವಾ."

"ದೊಡ್ಡಾಂವಾ ಎಲ್ಲೆದಾನ್ರಿ ಅಮ್ಮಾರ?"

ಅವ್ವನ ಬೆರಳು ಫೋಟೊದ ಕೆಳಗಿನ ಅಂಚಿಗೆ ಇಳಿಯಿತು. ಬಿಸಿಲು ಬೆನ್ನಿಗಿದ್ದಾಗ ನಾನು ತೆಗೆದ ಫೋಟೊ ಅದು. ಅಂಗಳದಲ್ಲಿ ಮೊಣಕೈ ಎತ್ತಿಕೊಂಡ ಒಂದು ಉದ್ದನೆಯ ನೆರಳು ಬಿದ್ದಿತ್ತು.

"ಇಲ್ಲೆದಾನ ನೋಡ್ರಿ."

ಬಾಯಾರು ಹೋದ ಮೇಲೆ ಅವ್ವ ನನ್ನನ್ನು ಕರೆದು, "ನನ್ನ ನಾಕೂ ಮಕ್ಕಳ ಮಾರಿ ಒಂದ ಫೋಟೊದಾಗ ನೋಡಬೇಕ ನೋಡಪಾ. ನೆರಳಿಗೆ ಗಲ್ಲ ಎಲ್ಲೈತಿ ಅಂತ ಸವರಲಿ?" ಎಂದಳು. ಇಡೀ ಆಲ್ಬಮ್ ತುಂಬಿದವನು ನಾನು, ಅದರಲ್ಲಿ ಎಲ್ಲೂ ಇಲ್ಲದವನೂ ನಾನೇ. ನನಗೆ ನಿಜಕ್ಕೂ ಕೆಡುಕೆನಿಸಿತು.

ಬಾಯಾರು ಮಾತ್ರ ಆ ಹೊತ್ತಿಗೆ ಸಮಾಧಾನದ ಮಾತು ಹೇಳಿಯೇ ಹೋಗಿದ್ದರು. ಕನ್ನಡಕ ಸರಿಮಾಡಿಕೊಂಡು ಆ ನೆರಳನ್ನು ಹತ್ತಿರದಿಂದ ನೋಡಿ, "ಥೇಟ್ ನಿಮ್ಮಂಗ ಅದಾನ್ರಿ," ಎಂದಿದ್ದರು.

೨. ಹೊರಗ್ಯಾಕ ನಿಂತೀರಿ?

ಬೇರೆಯವರಿಂದ ತೆಗೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಪ್ರಯತ್ನವೂ ಆಯಿತು. ಯುಗಾದಿಗೆ ತಮ್ಮಂದಿರು, ತಂಗಿ ಎಲ್ಲರೂ ಬಂದಿದ್ದರು. ಬಾಜೂಮನೆಯ ರಾಯರ ಕೈಗೆ ಕ್ಯಾಮೆರಾ ಕೊಟ್ಟು ನಾನು ಅವ್ವನ ಪಕ್ಕ ನಿಂತೆ. ಅವ್ವನಿಗೆ ಅದು ಸರಿಬರಲಿಲ್ಲ.

"ಮನೀಗೆ ಬಂದವ್ರು ಹೊರಗ ನಿಲ್ಲೂದಂದ್ರ ಏನ್ರಿ ರಾಯರ? ಬರ್ರಿ, ನೀವೂ ನಿಂದರ್ರಿ."

ರಾಯರು ಸಂಕೋಚಪಡುತ್ತ ಬಂದು ನಿಂತರು. ಕ್ಯಾಮೆರಾ ಹಾಲಿನವನ ಕೈಗೆ ಹೋಯಿತು. "ದಿನಾ ಬೆಳಗಾದ್ರ ನಿನ್ನ ಮಾರಿ ನೋಡತೇವಿ, ಇವತ್ತ ಹೊರಗ್ಯಾಕ ನಿಂತಿ? ಬಾ," ಎಂದು ಅವನನ್ನೂ ಕರೆದಳು. ಆಮೇಲೆ ಹೂವಿನಾಕೆ, ಆಮೇಲೆ ಮೀಟರ್ ನೋಡಲು ಬಂದ ಲೈನ್‌ಮನ್. ಕೊನೆಗೆ ನಾವು ಹದಿನಾರು ಜನ ಸಾಲಾಗಿ ನಿಂತು, ಎದುರಿಗೆ ಯಾರೂ ಇಲ್ಲದ ಅಂಗಳ ನೋಡಿ ಹಲ್ಲು ಕಿರಿಯುತ್ತಿದ್ದೆವು.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು ಓಡಿದೆ. ಅರ್ಧ ದಾರಿಯಲ್ಲಿ ತುಳಸಿಕಟ್ಟೆಯ ಮೇಲೆ ಬಿದ್ದಿದ್ದ ಬಿಸಿಲು ಎಷ್ಟು ಮೆತ್ತಗಿದೆಯಲ್ಲ ಅನ್ನಿಸಿತು. ಅನ್ನಿಸಿದ್ದೇ ತಡ, ಕಾಲು ನಿಧಾನವಾದವು. ಹಿಂದೆ ಕ್ಯಾಮೆರಾ ಕ್ಲಿಕ್ ಎಂದಿತು.

ಫೋಟೊದಲ್ಲಿ ಹದಿನೈದು ಮುಖ, ಒಂದು ಬೆನ್ನು. ಅವ್ವ ಅದನ್ನು ದಿಟ್ಟಿಸಿ ನೋಡಿ, "ಇರಲಿ ಬಿಡಪಾ. ಮದಲ ನೆರಳಿತ್ತು, ಈಗ ಬೆನ್ನ ಬಂತು. ಮಾರಿನೂ ಹಿಂದಿಂದ ಬರತೈತಿ," ಎಂದಳು.

೩. ಅಂಗಡಿಯವನ ಲೆಕ್ಕ

ರಿಮೋಟು ಇದ್ದರೆ ಓಡುವ ಗೊಡವೆಯೇ ಇಲ್ಲ ಎಂದು ಸಾಲೆಯಲ್ಲಿ ಯಾರೋ ಹೇಳಿದರು. ಹುಬ್ಬಳ್ಳಿಗೆ ಹೋದೆ. ದೇಶಪಾಂಡೆ ನಗರದ ಅಂಗಡಿಯವನು ಮೂರು ನಮೂನೆ ಮುಂದಿಟ್ಟ.

"ಇದು ವೈರಿಂದ್ರಿ ಸರ್. ವೈರ್ ಎಷ್ಟುದ್ದ ಐತಿ ಅಷ್ಟ ದೂರ ನೀವು. ಇದು ಟೀವಿ ರಿಮೋಟ್ ಇದ್ದಂಗ, ಕ್ಯಾಮೆರಾದ ಮಾರಿಗೆ ಹಿಡದ ಒತ್ತಬೇಕು. ಬಿಸಿಲ ಜೋರಿದ್ರ ಒಮ್ಮೊಮ್ಮೆ ಕೇಳಂಗಿಲ್ಲ. ಇನ್ನ ಇದು ರೇಡಿಯೊದ್ದು. ಒಂದ ತುಣುಕ ಕ್ಯಾಮೆರಾದ ತಲೀಮ್ಯಾಲೆ, ಒಂದ ನಿಮ್ಮ ಮುಷ್ಟ್ಯಾಗ. ಬಯಲಿನ್ಯಾಗ ನೂರ ಮೀಟರ್ ಹೋಗತೈತ್ರಿ. ಕಿಸೆದಾಗ ಇಟ್ಟ ಒತ್ತಿದ್ರೂ ನಡೀತೈತಿ."

ನೂರು ಮೀಟರ್! ನನ್ನ ಕಣ್ಣು ಮುಚ್ಚಿದವು. ಕೆರೆಯ ಆ ದಂಡೆಯಲ್ಲಿ ಕ್ಯಾಮೆರಾ, ಈ ದಂಡೆಯಲ್ಲಿ ನಾನು. ನಡುವೆ ಇಬ್ಬನಿ, ಒಂಟಿ ಕಾಲಿನ ಮೇಲೆ ನಿಂತ ಬೆಳ್ಳಕ್ಕಿ. ನಾನು ಬೆರಳು ಅಲುಗಿಸುತ್ತೇನೆ, ಬೆಳ್ಳಕ್ಕಿಗೆ ಸುದ್ದಿಯೇ ಇಲ್ಲ. ನೀರು ಅಲ್ಲಾಡುವುದಿಲ್ಲ, ಸೂರ್ಯನೂ ಅವಸರ ಮಾಡುವುದಿಲ್ಲ.

"ಸರ್... ಸರ್! ನೀವು ಕ್ಯಾಮೆರಾದಿಂದ ಎಷ್ಟ ದೂರ ನಿಲ್ಲವ್ರು?"

"ಅವ್ವನ ಬಾಜೂಕ."

"ಅವ್ವಾರು ಎಷ್ಟ ದೂರ?"

"ನಾಕ ಹೆಜ್ಜಿ. ಭಾಳಂದ್ರ ಐದ."

"ಹಂಗಾರ ಸಣ್ಣದ ಸಾಕಲ್ರಿ?"

"ನಮ್ಮವ್ವ ದಾರಿಗೆ ಹೋಗವ್ರನ್ನೆಲ್ಲಾ ಫೋಟೊಕ್ಕ ಕರೀತಾಳ್ರಿ. ಮಂದಿ ಬೆಳದಂಗೆಲ್ಲಾ ಕ್ಯಾಮೆರಾ ಹಿಂದ ಸರಿಸಬೇಕಲ್ಲಾ?"

ಅಂಗಡಿಯವನು ರೇಡಿಯೊದ್ದನ್ನು ಕಟ್ಟಿಕೊಡುತ್ತ, "ಹಂಗಿದ್ರ ನೂರ ಮೀಟರೂ ಕಡಿಮಿ ಬೀಳಬಹುದ್ರಿ," ಎಂದ.

೪. ಶೇಂಗಾ ಹೊಲದ ಸರ್ವೆ

ನೂರು ಮೀಟರ್ ಖರೆಯೋ ಸುಳ್ಳೋ ನೋಡಬೇಕಲ್ಲ. ರವಿವಾರ ಹೆಬ್ಬಳ್ಳಿಯ ಕಡೆ ಹೋಗಿ, ಒಂದು ಶೇಂಗಾ ಹೊಲದ ಬದುವಿನ ಮೇಲೆ ಸ್ಟ್ಯಾಂಡ್ ಹೂಡಿ ಕ್ಯಾಮೆರಾ ಕೂಡಿಸಿದೆ. ಹತ್ತು ಹೆಜ್ಜೆಗೊಮ್ಮೆ ಗುಂಡಿ ಒತ್ತುತ್ತ ದೂರ ನಡೆದೆ. ಮೋಡದ ನೆರಳು ಹೊಲದಿಂದ ಹೊಲಕ್ಕೆ ದಾಟುತ್ತಿತ್ತು. ಹುಣಸೆಮರದ ಬುಡಕ್ಕೆ ಬಂದಾಗ ಗಾಳಿ ಎಷ್ಟು ತಂಪಾಗಿತ್ತೆಂದರೆ, ಕುಳಿತೆ, ಒರಗಿದೆ, ಕಣ್ಣು ತಮ್ಮ ಕೆಲಸ ಮಾಡಿದವು. ಬೆರಳು ಮಾತ್ರ ಒತ್ತುತ್ತಲೇ ಇತ್ತು.

ತಿರುಗಿ ಬಂದರೆ ಕ್ಯಾಮೆರಾದ ಪಕ್ಕದಲ್ಲಿ ರುಮಾಲು ಸುತ್ತಿದ, ದೊಡ್ಡ ಮೀಸೆಯ ಹಿರಿಯರೊಬ್ಬರು ಕೈ ಕಟ್ಟಿ ನಿಂತಿದ್ದರು. ಹೊಲದ ಯಜಮಾನರು.

"ಸಾಹೇಬ್ರ, ಹೊಸಾ ರಸ್ತೆ ಬರೂದು ಖರೇ ಆತೇನ್ರಿ ಹಂಗಾರ?"

"ನಾ ಸರ್ವೇದಾಂವಲ್ರಿ ಕಾಕಾ, ಸಾಲಿ ಮಾಸ್ತರ. ನಮ್ಮವ್ವನ ಜೋಡಿ ಫೋಟೊ ತಕ್ಕೊಳ್ಳಾಕ ಇದನ್ನ ತಂದೇನಿ. ನಡೀತೈತೋ ಇಲ್ಲೋ ನೋಡಾಕತ್ತಿದ್ದೆ."

ಕಾಕಾ ಉಸಿರು ಬಿಟ್ಟು ಹಸಿ ಶೇಂಗಾದ ಒಂದು ಕಟ್ಟನ್ನೇ ಕಿತ್ತು ನನ್ನ ಕೈಗಿತ್ತರು. ತಿನ್ನುತ್ತ ಕ್ಯಾಮೆರಾದಲ್ಲಿ ನೋಡಿದೆ. ರಿಮೋಟು ಹುಣಸೆಮರದವರೆಗೂ ಕೆಲಸ ಮಾಡಿತ್ತು. ಮೊದಲ ಹತ್ತು ಫೋಟೊ ಈ ಹೊಲದವು. ಆಮೇಲೆ ಒಂದರಲ್ಲಿ ಬರೀ ಮೀಸೆ. ಅದರ ನಂತರದವೆಲ್ಲ ಎದುರಿನ ಬೇರೊಂದು ಹೊಲದವು!

"ಕಾಕಾ, ಇದನ್ನ ನೀವ ತಿರುವಿದ್ರೇನು?"

ಕಾಕಾ ನಾಚಿಕೊಂಡರು. "ಸರ್ವೇ ಮಶೀನ ಅಂತ ತಿಳದಿದ್ನಿರಿ. ರಸ್ತೆ ನನ್ನ ಶೇಂಗಾದಾಗ ಬ್ಯಾಡಂತ, ಸ್ವಲ್ಪ ನಮ್ಮ ಬೀಗರ ಹೊಲದ ಕಡೆ ಮಾಡಿದ್ನಿ. ಪಾಪ, ಅವ್ರೂ ಭಾಳ ದಿನದಿಂದ ರಸ್ತೆ ಬೇಕು ರಸ್ತೆ ಬೇಕು ಅನ್ನಾಕತ್ಯಾರ್ರಿ."

೫. ಎಲ್ಲಾರೂ ನನ್ನ ಕಡೆ ನೋಡ್ರಿ

ದಸರೆಗೆ ಮತ್ತೆ ಎಲ್ಲರೂ ಕೂಡಿದೆವು. ಅವ್ವ ಇಳಕಲ್ ಸೀರೆ ಉಟ್ಟು ಅಂಗಳದ ಕುರ್ಚಿಯಲ್ಲಿ ಕುಳಿತಳು. ಅವಳ ಸುತ್ತ ತಂಗಿ, ತಮ್ಮಂದಿರು, ಸೊಸೆಯಂದಿರು. ಬನ್ನಿ ಕೊಡಲು ಬಂದ ರಾಯರು ಮತ್ತು ಬಾಯಾರನ್ನು ಅವ್ವ ಆಗಲೇ ಎಳೆದು ನಿಲ್ಲಿಸಿಕೊಂಡಿದ್ದಳು. ಈ ಸಲ ಯಾರು ಬಂದರೂ ಹೆದರಿಕೆಯಿಲ್ಲ, ಕ್ಯಾಮೆರಾ ಹಿಡಿಯಲು ಮನುಷ್ಯರೇ ಬೇಕಾಗಿರಲಿಲ್ಲ.

ನಾನು ಓಡಲಿಲ್ಲ. ಮದುಮಗನ ಹಾಗೆ ನಿಧಾನವಾಗಿ ನಡೆದು ಬಂದು ಅವ್ವನ ಬಲಕ್ಕೆ ನಿಂತೆ. ಒಂದು ಕೈಯಲ್ಲಿ ಬನ್ನಿ, ಇನ್ನೊಂದರಲ್ಲಿ ರಿಮೋಟು. ಅವ್ವನ ಹೆಗಲು ನನ್ನ ಕೈಗೆ ತಾಗುತ್ತಿತ್ತು. ಸೀರೆಯಿಂದ ಟ್ರಂಕಿನ ಕರ್ಪೂರದ ವಾಸನೆ ಬರುತ್ತಿತ್ತು. ಇಷ್ಟು ವರ್ಷ ಎದುರಿಗೆ ನಿಂತು ನೋಡಿದ ಸಾಲಿನೊಳಗೆ ನಾನೂ ಬಂದೆನಲ್ಲ ಎಂದು ಎದೆ ತುಂಬಿ ಬಂತು. ಸಾಲೆಯಲ್ಲೂ ಮನೆಯಲ್ಲೂ ವರ್ಷಗಟ್ಟಲೆ ಕೂಗಿದ ಮಾತು ತಾನಾಗಿಯೇ ಬಾಯಿಂದ ಬಂತು:

"ಎಲ್ಲಾರೂ ನನ್ನ ಕಡೆ ನೋಡ್ರಿ!"

ಒತ್ತಿದೆ.

ಫೋಟೊ ಬಂದಿತ್ತು. ಉಳಿದವರೆಲ್ಲ ನಾನು ಹೇಳಿದಂತೆ ಕತ್ತು ತಿರುಗಿಸಿ, ನಗುತ್ತ, ನನ್ನನ್ನೇ ನೋಡುತ್ತಿದ್ದರು. ಅವ್ವನೂ ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಕ್ಯಾಮೆರಾದ ಕಡೆ ಮುಖ ಮಾಡಿದ್ದವನು ನಾನೊಬ್ಬನೇ.

"ಇನ್ನೊಂದ ತಗೀತೇನಿ ಅವ್ವಾ, ನಿಂದರ್ರಿ ಎಲ್ಲಾರೂ," ಎಂದೆ. ಅವ್ವ ಕೇಳಲಿಲ್ಲ. "ನಾಕೂ ಮಾರಿ ಬಂದಾವ. ಇದನ್ನ ದೊಡ್ಡದ ಮಾಡಿಸಿ ಹಾಕು," ಎಂದು ಎದ್ದುಬಿಟ್ಟಳು. ಹಾಕಿಸಿದೆ. ಈಗ ಅದು ಪಡಸಾಲೆಯ ಗೋಡೆಯ ಮೇಲಿದೆ. ಅವ್ವ ದಿನಕ್ಕೊಮ್ಮೆ ಅದರ ಮುಂದೆ ನಿಂತು ನಾಲ್ಕೂ ಗಲ್ಲ ಸವರುತ್ತಾಳೆ.

ಮೊನ್ನೆ ನಮ್ಮ ಓಣಿಗೆ ಹೊಸದಾಗಿ ಬಂದ ಒಬ್ಬ ಹೆಣ್ಣುಮಗಳು ಅದನ್ನು ನೋಡಿ ಕೇಳಿದಳು: "ಇದರಾಗ ನಿಮ್ಮ ದೊಡ್ಡ ಮಗಾ ಯಾರ್ರಿ ಅಮ್ಮಾರ?"

"ಎಲ್ಲಾರೂ ಯಾರನ್ನ ನೋಡಾಕತ್ತಾರ ನೋಡವಾ, ಅಂವಾ."

ಆಕೆ ಹತ್ತಿರ ಹೋಗಿ ನೋಡಿದಳು. "ಅಯ್ಯ, ಅವ್ರು ಕಣ್ಣ ಮುಚ್ಚ್ಯಾರಲ್ರಿ!"

"ಹೂಂ," ಎಂದಳು ಅವ್ವ, ನನ್ನ ಗಲ್ಲ ಸವರುತ್ತ. "ಅದಕ್ಕ ಅಂವಾ ನಮ್ಮಾಂವಾ ಅಂತ ಗುರ್ತ ಸಿಗತೈತಿ."