ಬೋರಲು ಹೂತ ಬಾಟ್ಲಿ

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಒಂದು ಹುಚ್ಚು ಬೇಕು. ಕೆಲವರಿಗೆ ವಾಕಿಂಗು, ಕೆಲವರಿಗೆ ದೇವರು. ನನಗೆ ಹಾಳುಬಿದ್ದ ಹೊಲದ ಮನೆಗಳ ಸುತ್ತ ಹಳೇ ಬಾಟ್ಲಿ ಹುಡುಕುವ ಹುಚ್ಚು. ಅಮರಗೋಳದ ಆಚೆ, ಲೇಔಟಿನವರ ಕಣ್ಣು ಬೀಳದ ಕಡೆ ಇಂಥ ಮನೆಗಳು ಇನ್ನೂ ಇವೆ. ಹಿತ್ತಲಲ್ಲಿ ಕೋಲಿನಿಂದ ಕೆದಕಿದರೆ ಗೋಲಿ ಸೋಡಾದ್ದು, ಶಾಯಿಯ ದೌತಿ, ಮೈಮೇಲೆ ಡೋಸಿನ ಗೆರೆಯಿದ್ದ ಔಷಧದ್ದು, ಏನಾದರೊಂದು ಸಿಗುತ್ತದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ನನಗೆ ಇದು ಉತ್ಖನನ. ನನ್ನ ಹೆಂಡತಿ ಸರೋಜಾಗೆ ಗುಜರಿ. "ಗೋಪನಕೊಪ್ಪದಾಗ ಗುಜರಿಯವರು ಕಡಿಮಿ ಬಿದ್ದಾರಂತ ನೀವು ಶುರು ಮಾಡೀರೇನು?" ಎಂದು ಕೇಳುತ್ತಾಳೆ.

ಒಂದು ಭಾನುವಾರ ಪಾಳು ಮನೆಯೊಂದರ ಬಾವಿಯ ಹತ್ತಿರ, ಜಾಲಿಕಂಟಿಯ ನಡುವೆ ಹಸಿರು ಗಾಜು ಮಿಂಚಿತು. ಅರ್ಧ ತಾಸು ಅಗೆದು ತೆಗೆದೆ. ಯಾರೋ ಬಾಟ್ಲಿಯನ್ನು ಬೋರಲಾಗಿ ಹೂತಿದ್ದರು, ಒಳಗೆಲ್ಲ ಇದ್ದಲಿ ಚೂರು. ಎಂಥ ಚಂದದ ಬಾಟ್ಲಿಗೆ ಎಂಥ ಗತಿ ಎಂದು ಮರುಗಿ, ಇದ್ದಲಿಯನ್ನು ಕುಳಿಗೇ ಸುರುವಿ ಮಣ್ಣೆಳೆದೆ. ಮನೆಗೆ ತಂದು ತೊಳೆದು ಮನಿಪ್ಲಾಂಟ್ ಇಟ್ಟೆ. ಸರೋಜಾ ಮೊದಲ ಸಲ "ಛಲೋ ಅದ" ಅಂದಳು.

ಎರಡು ವಾರ ಬಿಟ್ಟು ಹೋದರೆ ಕಂಟಿಯನ್ನೆಲ್ಲ ಕಡಿದು ಹಾಕಿದ್ದರು. ಒಬ್ಬ ಮುದುಕಿ, ಒಬ್ಬ ನಡುವಯಸ್ಸಿನ ಗಂಡಸು ಅಲ್ಲಲ್ಲಿ ನೆಲ ಅಗೆಯುತ್ತಿದ್ದರು.

"ಏನ್ ಹುಡುಕಾಕತ್ತೀರಿ?" ಎಂದೆ.

"ಬಾಟ್ಲಿರಿ," ಅಂದಳು ಮುದುಕಿ.

ನನಗೆ ಬೀಗರು ಸಿಕ್ಕಷ್ಟು ಖುಷಿ. "ಸೋಡಾದ್ದೋ, ಔಷಧದ್ದೋ?"

"ಗುರುತಿನ ಬಾಟ್ಲಿರಿ. ನಮ್ಮ ಮಾವ, ಅವರ ತಮ್ಮ ಪಾಲಾದಾಗ ಹೊಲದ ಗಡಿಗುಂಟ ಹುಗದಿದ್ರು. ಕಲ್ಲ ಯಾರರೆ ಕೀಳ್ತಾರ, ಬದುವು ಮಳಿಗೆ ಹರೀತೈತಿ ಅಂತ." ಆಕೆ ಗಂಗವ್ವ, ಜೊತೆಗಿದ್ದವನು ಆ ತಮ್ಮನ ಮೊಮ್ಮಗ ಈರಪ್ಪ. ಬಾವಿ ನನ್ನದೆಂದು ಆಕೆ, ನನ್ನದೆಂದು ಅವನು. ಮರುದಿನವೇ ಸರ್ವೇದವರು ಬರುವವರಿದ್ದರು. "ಈ ಬಾವಿ ನೀರು ಹೊತ್ತ ನನ್ನ ಸೊಂಟ ಹೋಗೇತ್ರಿ. ಈಗ ಬಾಟ್ಲಿನ ಇಲ್ಲಂದ್ರ ಯಾರಿಗೆ ಹೇಳಲಿ?"

ಮನೆಯಲ್ಲಿ ಮನಿಪ್ಲಾಂಟ್ ಇಟ್ಟ ಬಾಟ್ಲಿ ಕಣ್ಣ ಮುಂದೆ ಬಂತು. ಸುಮ್ಮನೆ ಹೊರಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಕೂಟರಿನವರೆಗೆ ನಡೆದದ್ದೂ ಖರೆ. ಆದರೆ ಮುದುಕಿ ಮತ್ತೆ ಸಲಿಕೆ ಎತ್ತಿದ್ದನ್ನು ನೋಡಲಾಗದೆ ವಾಪಸು ಬಂದು ಎಲ್ಲ ಒಪ್ಪಿಕೊಂಡೆ.

"ಎಲ್ಲಿತ್ತು, ತೋರಸ್ರಿ," ಅಂದ ಈರಪ್ಪ.

ಬಾಟ್ಲಿಯ ತಳದ ಅಂಕಿ, ಕುತ್ತಿಗೆಯ ಗುಳ್ಳೆ ನನಗೆ ಬಾಯಿಪಾಠ. ಸಿಕ್ಕ ಜಾಗ ಮಾತ್ರ ನೆನಪಿಲ್ಲ. ಬಾವಿಯ ಆಚೆ ಕಾಲಿಟ್ಟರೆ ಗಂಗವ್ವನ ಮುಖ ಅರಳುತ್ತಿತ್ತು, ಈಚೆ ಇಟ್ಟರೆ ಈರಪ್ಪನದು. ನನ್ನ ಕಾಲಿಗೆ ಅಷ್ಟು ಬೆಲೆ ಎಂದೂ ಬಂದಿರಲಿಲ್ಲ.

"ಒಳಗಿನ ಇದ್ದಲಿ ಏನ್ ಮಾಡಿದ್ರಿ?" ಗಂಗವ್ವ ಕೇಳಿದಳು.

"ಕುಳ್ಯಾಗ ಸುರುವೇನ್ರಿ."

"ಹಂಗಾರ ಬಾಟ್ಲಿ ಹೋಗಲಿ ಬಿಡ್ರಿ. ಇದ್ದಲಿ ಮಣ್ಣಾಗ ಕೊಳಿಯೂದಿಲ್ಲ. ಅದ ಸಾಕ್ಷಿ."

ಕರಿ ಎರೆಮಣ್ಣಿನಲ್ಲಿ ಕರಿ ಇದ್ದಲಿ ಹುಡುಕುವುದೆಂದರೆ ತಮಾಷೆಯಲ್ಲ. ಮೂವರೂ ಮೊಣಕಾಲೂರಿ ಕೆದಕಿದೆವು. ಎರಡು ತಾಸಿನ ಮೇಲೆ, ಬಾವಿಯ ಆಚೆ, ಈರಪ್ಪನ ಕೈಗೇ ಸಿಕ್ಕಿತು. ಮುಚ್ಚಿಬಿಡಬಹುದಿತ್ತು. ಅವನು ಒಂದು ಚೂರನ್ನು ಬೆರಳಲ್ಲಿ ತಿಕ್ಕಿ ನೋಡಿ, "ಬಾವಿ ನಿಂದ ದೊಡ್ಡವ್ವ," ಅಂದ. ಗಂಗವ್ವ ಬಾವಿಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಣ್ಣೂ ಒದ್ದೆಯಾಯಿತು. ನಾನು ಕಸವೆಂದು ಸುರುವಿದ್ದು ಇತಿಹಾಸ, ಮನೆಗೊಯ್ದದ್ದು ಬರೀ ಅದರ ಡಬ್ಬಿ.

ಸಂಜೆ ಬಾಟ್ಲಿ ತಂದು ಗಂಗವ್ವನ ಮುಂದಿಟ್ಟೆ. ಆಕೆ ಆಗಲೇ ಒಂದು ಒಡಕು ಗಡಿಗೆಗೆ ಇದ್ದಲಿ ತುಂಬುತ್ತಿದ್ದಳು.

"ಅದನ್ನ ನೀವ ಇಟಗೋರಿ ಸರ. ಈ ಸಲ ಗಡಿಗಿ ಹುಗಿತೇವಿ. ಬಾಟ್ಲಿ ಹುಗದ್ರ ಮತ್ತ ಯಾರರೆ ಶಾಣ್ಯಾ ಬರ್ತಾನ."

ಮೂವತ್ತು ವರ್ಷ ಪಾಠ ಮಾಡಿದರೂ ನನ್ನನ್ನು ಯಾರೂ ಶಾಣ್ಯಾ ಅಂದಿರಲಿಲ್ಲ.