ಒಂದು ವೋಲ್ಟು ದಾಟದ ಸೆಲ್

ಹನ್ನೊಂದು ವರ್ಷದ ಹಿಂದೆ, ಅಕ್ಷತೆ ಇನ್ನೂ ತಲೆಯ ಮೇಲಿರುವಾಗಲೇ, ಜಗದೇವಪ್ಪ ಮಾವ ದೌಲಪ್ಪನಿಗೆ ಮಾತು ಕೊಟ್ಟಿದ್ದ: “ನಿಮ್ಮ ಮಗಳನ್ನ ಡಾಕ್ಟರ್ ಹೇಂತಿ ಮಾಡ್ತೀನ್ರಿ.”

ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ರಜೆಗಳನ್ನೆಲ್ಲ ಸುಟ್ಟುಕೊಂಡು ಪಿಎಚ್.ಡಿ. ಪ್ರಬಂಧ ಬರೆದ. ಗಾಜಿನ ಮೇಲೆ ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಬಳಿದ ಬಿಸಿಲಿನ ಸೆಲ್ಲು. ಸೂರ್ಯ ಎಷ್ಟೇ ಉರಿದರೂ ಒಂದು ವೋಲ್ಟು ದಾಟದು, ಆ ಪದಾರ್ಥದ ಹಣೆಬರಹವೇ ಅಷ್ಟು ಎಂದು ಲೆಕ್ಕ ಹಾಕಿ ತೋರಿಸಿದ್ದ. ಇವತ್ತು ಕಲಬುರಗಿಯಲ್ಲಿ ಪರೀಕ್ಷಕರ ಮುಂದೆ ಅದನ್ನು ರುಜುವಾತು ಮಾಡಬೇಕಿತ್ತು. ಎರಡು ಸಲ ಗಡುವು ಮುಂದೆ ಹೋಗಿತ್ತು. ಮೂರನೆಯದಿಲ್ಲ.

ಬಸ್ಸಿನಲ್ಲಿ ತೊಡೆಯ ಮೇಲೆ ಸೆಲ್ಲಿನ ಪೆಟ್ಟಿಗೆ, ಪಕ್ಕದಲ್ಲಿ ಮಾವ. ಹಿಂದಿನ ಸೀಟಿನಿಂದ ಊರಿನ ಖಂಡೆಪ್ಪನ ಕುತ್ತಿಗೆ ಒಂಟೆಯದರಂತೆ ಚಾಚಿ ಬಂತು.

“ಏನ್ರೀ ಮಾಸ್ತರ ಇದು?”

“ಸೆಲ್ ರೀ. ಬಿಸಿಲಿಗೆ ಹಿಡದ್ರ ಕರೆಂಟ್ ಕೊಡ್ತದ.”

“ಎಷ್ಟು ವೋಲ್ಟು?”

“ಮುಕ್ಕಾಲು.”

“ಹನ್ನೊಂದು ವರ್ಷಕ್ಕ ಮುಕ್ಕಾಲೇನ್ರಿ! ಪೂರಾ ಒಂದೂ ಇಲ್ಲ?”

“ಒಂದು ದಾಟಂಗೇ ಇಲ್ರೀ. ಅದೇ ನನ್ನ ಸಂಶೋಧನಾ.”

ಬಸ್ಸಿಗೆ ಬಸ್ಸೇ ನಕ್ಕಿತು. ದೌಲಪ್ಪ ಮಾತ್ರ ರುಮಾಲು ಹಣೆಗೆಳೆದುಕೊಂಡು ಮುಖ ಮರೆಮಾಡಿದ. ಇಳಿದ ಮೇಲೆ ಅಂದ: “ನೀ ಆಫೀಸಿನ ಕಾಗದಾ ಮುಗಿಸ್ಕೊಂಡ್ ಬಾ ಅಳಿಯಪ್ಪಾ. ಪೆಟ್ಟಿಗಿ ನನ್ನ ಕಡೆ ಇರ್ಲಿ.”

ಮಧ್ಯಾಹ್ನ ಪರೀಕ್ಷಕರು ಕಿಟಕಿಯ ಬಿಸಿಲಿಗೆ ಪೆಟ್ಟಿಗೆ ಹಿಡಿದರು. ಮೀಟರಿನ ಮುಳ್ಳು ಹಗ್ಗ ಹರಿದ ಕರುವಿನಂತೆ ಒಂದನ್ನು ದಾಟಿ, ಎರಡನ್ನೂ ದಾಟಿ ನಿಂತಿತು.

“ನಿಮ್ಮ ಮಿತಿ ನಿಮ್ಮ ಪೆಟ್ಟಿಗೆಗೇ ಗೊತ್ತಿಲ್ಲವಲ್ಲ!”

ಗಾಜಿಗೆ ಕರವಸ್ತ್ರ ಮುಚ್ಚಿದರು. ಮುಳ್ಳು ಒಂದೂವರೆಗೆ ಇಳಿದು ಅಲ್ಲೇ ಕೂತಿತು. ಕತ್ತಲಲ್ಲೂ ಕರೆಂಟು! ಸ್ಕ್ರೂ ಬಿಚ್ಚಿಸಿದರು. ಒಳಗೆ, ಹೊಚ್ಚಹೊಸ ಟಾರ್ಚಿನ ಸೆಲ್ಲು.

“ಮೋಸ!”

“ಸರ್, ಮೋಸ ಮಾಡಾಂವ ತನ್ನ ಲೆಕ್ಕಾನೇ ಯಾಕ ಸುಳ್ಳ ಮಾಡ್ಕೋತಾನ್ರಿ?”

“ಅದನ್ನೂ ಬರೆಯುತ್ತೇನೆ,” ಎಂದ ಪರೀಕ್ಷಕರು ಎರಡನ್ನೂ ಬರೆದರು: ಸಿದ್ಧಾಂತ ಸುಳ್ಳು, ಪ್ರಯೋಗ ಮೋಸ.

ಹೊರಗೆ ಬೇವಿನ ನೆರಳಲ್ಲಿ ದೌಲಪ್ಪ ಎದ್ದು ನಿಂತ. “ಏರ್ತಲ್ಲ ವೋಲ್ಟು?”

“ಏರ್ತ್ರಿ.”

“ಮೋಮಿನಪುರದ ರೇಡಿಯೋ ನಬಿಸಾಬ್ ಕಡೆ ಹೋಗಿ ಹೊಸಾ ಸೆಲ್ ಹಾಕಿಸ್ದೆ. ನಿಂದು ಖಾಲಿ ಆಗಿತ್ತಪ್ಪಾ, ಮುಕ್ಕಾಲಿಗೆ ಬಂದಿತ್ತು. ದೊಡ್ಡ ಮಂದಿ ಮುಂದ ಅಳಿಯನ ಮಾನ ಹೋಗಬಾರ್ದಲ್ಲ?”

ಜಗದೇವಪ್ಪ ಡಾಕ್ಟರ್ ಆಗಲಿಲ್ಲ. ಮಾವನಿಗೆ ಕೊಟ್ಟ ಮಾತು ಉಳಿಯಲಿಲ್ಲ.