ಟೀವಿ ಇಲ್ಲದ ಊರಲ್ಲಿ ಎರಡು ಟೀವಿ ಆಟ

ಜಂಬದ ಎರಡು ಮನೆಗಳ ನಡುವೆ ಬಾಡಿಗೆಗಿದ್ದವರಿಗೆ ನಗುವಿಗೆ ಎಂದೂ ಬರಗಾಲವಿಲ್ಲ. ಬೇರೆಯವರು ದುಡ್ಡು ಕೊಟ್ಟು ನಾಟಕ ನೋಡಬೇಕು, ನಮಗೆ ಜಗಲಿ ಮೇಲೆ ಕೂತರೆ ಸಾಕಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಮದ್ದೂರಿನಲ್ಲಿ ನಮ್ಮದು ಅಂಥ ನಡುಮನೆ. ಎಡಮನೆಯಲ್ಲಿ ಬ್ಯಾಂಕ್ ಮ್ಯಾನೇಜರರ ಹೆಂಡತಿ, ಬಲಮನೆಯಲ್ಲಿ ಇಂಜಿನಿಯರರ ಹೆಂಡತಿ. ಮೂವರೂ ಒಟ್ಟಿಗೆ ಕೂತು ಹಪ್ಪಳ ಒತ್ತುವಷ್ಟು ಸ್ನೇಹ ನಮ್ಮದು. ಆ ಸ್ನೇಹಕ್ಕೆ ಕಲ್ಲು ಬಿದ್ದದ್ದು ಒಂದು ಡಬ್ಬಿಯಿಂದ.

ಕೂಸಿಲ್ಲದ ಕುಲಾವಿ

ಎಡಮನೆಯಾಕೆಯ ತಮ್ಮ ಜರ್ಮನಿಯಿಂದ ಬರುವಾಗ ಅಕ್ಕನಿಗೊಂದು ಆಟದ ಡಬ್ಬಿ ತಂದ. ಕಪ್ಪು ಪೆಟ್ಟಿಗೆ, ಅದಕ್ಕೆ ಎರಡು ತಿರುಪು, ಹಿಂದೆ ಬಾಲದಂಥ ವೈರು. ವೈರನ್ನು ಟೀವಿಗೆ ಸಿಕ್ಕಿಸಿದರೆ ಪರದೆ ಮೇಲೆ ಚೆಂಡು ಓಡಾಡುತ್ತದಂತೆ, ಇಬ್ಬರು ಕೂತು ತಿರುಪು ತಿರುಗಿಸುತ್ತಾ ಅದನ್ನು ಹೊಡೆಯಬೇಕಂತೆ. ಮದ್ದೂರು ಹಾಗಿರಲಿ, ಅತ್ತ ಮಂಡ್ಯ ಇತ್ತ ಮಳವಳ್ಳಿಯಲ್ಲೂ ಆಗ ಯಾರ ಮನೆಯಲ್ಲೂ ಟೀವಿ ಇರಲಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಹಾಗಾಯಿತು. ಆದರೂ ಆಕೆ ಡಬ್ಬಿಗೆ ಕ್ರೋಶಾದ ಮುಸುಕು ಹಾಕಿ ರೇಡಿಯೋ ಪಕ್ಕ ಕೂರಿಸಿದರು.

ಒಂದು ಸಂಜೆ ಹೆಪ್ಪು ಕೇಳಲು ಹೋದೆ. ಗಂಡ ಹೆಂಡತಿ ಇಬ್ಬರೂ ಖಾಲಿ ಗೋಡೆಯ ಮುಂದೆ ಚಾಪೆ ಹಾಕಿ ಕೂತು ತಿರುಪು ತಿರುಗಿಸುತ್ತಿದ್ದರು. ಇದೇನು ಅಂತ ಕೇಳಿದೆ. "ಅಭ್ಯಾಸ ಕಣ್ರೀ. ಟೀವಿ ಬಂದ ದಿನ ಸೋತರೆ ಮರ್ಯಾದೆ ಏನಾಗಬೇಕು?" ಅಂದರು ಆಕೆ. ಸದ್ಯಕ್ಕೆ ಯಾರು ಗೆಲ್ಲುತ್ತಿದ್ದೀರಿ ಅಂದಿದ್ದಕ್ಕೆ ಮ್ಯಾನೇಜರು ಮುಖ ಸಪ್ಪೆ ಮಾಡಿಕೊಂಡು ಹೆಂಡತಿಯ ಕಡೆ ಕೈ ತೋರಿಸಿದರು.

ಪಿಸ್ತೂಲು ಕಂಡ ಹಾಲು

ಬಲಮನೆಯಾಕೆ ಸುಮ್ಮನಿರುತ್ತಾರೆಯೇ? ಸಿಂಗಪುರದ ಅಳಿಯನಿಗೆ ಕಾಗದ ಹೋಯಿತು, ಅಲ್ಲಿಂದ ಇನ್ನೊಂದು ಡಬ್ಬಿ ಬಂತು. ಬಣ್ಣ ಕಿತ್ತಳೆ, ಗುಂಡಿಗಳು ಜಾಸ್ತಿ, ಜೊತೆಗೆ ಪರದೆಗೆ ಗುರಿಯಿಟ್ಟು ಹೊಡೆಯಲು ಒಂದು ಆಟದ ಪಿಸ್ತೂಲು ಬೇರೆ. ಅದನ್ನು ಬಾಗಿಲಿಗೆ ನೇರವಾಗಿ ಗೋಡೆಗೆ ತೂಗುಹಾಕಿದರು.

ಮಾರನೇ ಬೆಳಿಗ್ಗೆ ಹಾಲಿನ ಅಜ್ಜಿ ಬಂದಳು. ಪಕ್ಕದ ಹಳ್ಳಿಯಿಂದ ನಮ್ಮ ಮೂರು ಮನೆಗೂ ಹಾಲು ಹಾಕುವವಳು ಅವಳೇ. ಹಾಲಿನ ಜೊತೆ ಶಿಂಷಾ ಹೊಳೆಯ ನೀರೂ ಬರುತ್ತಿತ್ತು. ಪಿಸ್ತೂಲು ನೋಡಿ, ಇದ್ಯಾಕೆ ಅಂತ ಕೇಳಿದಳಂತೆ. ಬಲಮನೆಯಾಕೆ ಹೆಮ್ಮೆಯಿಂದ, ಅಳಿಯಂದಿರು ಕಳಿಸಿದ್ದು, ಗುರಿ ಇಟ್ಟರೆ ತಪ್ಪೋದೇ ಇಲ್ಲ ಅಂದರಂತೆ. ಅಂದಿನಿಂದ ಆ ಮನೆಯ ಹಾಲಿನಲ್ಲಿ ಬೆರಳು ದಪ್ಪ ಕೆನೆ. ಸುದ್ದಿ ತಿಳಿದ ಎಡಮನೆಯಾಕೆ ದೀಪಾವಳಿಯ ಕೇಪು ಪಿಸ್ತೂಲು ಹುಡುಕಿ ಕಿಟಕಿಯಲ್ಲಿಟ್ಟರು, ಅವರ ಹಾಲೂ ಗಟ್ಟಿಯಾಯಿತು. ನಡುಮನೆಯಲ್ಲಿ ಆಯುಧವಿಲ್ಲದ್ದರಿಂದ ಎರಡೂ ಮನೆಯಲ್ಲಿ ಉಳಿದ ನೀರು ನಮ್ಮ ಪಾತ್ರೆಗೆ ಬಂತು.

ಪಟ್ಟದ ಗೊಂಬೆಯ ಪಕ್ಕ

ನವರಾತ್ರಿಗೆ ಎರಡೂ ಮನೆಯಲ್ಲಿ ಗೊಂಬೆ ಕೂರಿಸಿದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ಅವರ ಪಕ್ಕದಲ್ಲೇ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಆಟದ ಡಬ್ಬಿ. ನೋಡಲು ಬಂದವರ ಮುಂದೆ ಬಲಮನೆಯಾಕೆ, ಆ ಮನೇದರಲ್ಲಿ ನಾಲ್ಕೇ ಆಟ, ನಮ್ಮದರಲ್ಲಿ ಆರು ಅಂದರು. ಆ ಮಾತು ಅವರ ಕೋಸಂಬರಿಗಿಂತ ಮುಂಚೆ ಎಡಮನೆ ಸೇರಿತು. ಅವತ್ತಿನಿಂದ ಇವರ ಕುಂಕುಮಕ್ಕೆ ಅವರಿಲ್ಲ, ಅವರ ಕುಂಕುಮಕ್ಕೆ ಇವರಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಹಪ್ಪಳದ ಕಾಲ ಬಂದರೆ ಒಬ್ಬಳೇ ಲಟ್ಟಣಿಗೆ ಹಿಡಿದು ಕೂರಬೇಕಲ್ಲ.

ನನ್ನ ಹಾಗೆ ಹಾಲಿನ ಅಜ್ಜಿಯೂ ಎರಡೂ ಮನೆಗೆ ಹೋಗಿದ್ದಳು. ಎಡಮನೆಯಲ್ಲಿ ಡಬ್ಬಿ ನೋಡಿ, ಇದು ಏನು ಮಾಡುತ್ತದೆ ಅಂತ ಕೇಳಿದಳು. ಟೀವಿ ಅಂತ ಒಂದು ಬಂದು ಜೊತೆಗೂಡುವ ತನಕ ಏನೂ ಮಾಡುವುದಿಲ್ಲ ಅಂತ ನಾನೇ ಹೇಳಿದೆ. "ಅಂಗಾರೆ ಇನ್ನೂ ಗಂಡು ಸಿಕ್ಕಿಲ್ಲ ಅನ್ನಿ," ಅಂದು ಅಜ್ಜಿ ಅದರ ಮೇಲೆ ಅಕ್ಷತೆ ಹಾಕಿದಳು. "ಬಿರ್ರನೆ ಒಳ್ಳೆ ಗಂಡು ಸಿಗಲವ್ವ." ಬಲಮನೆಯ ಡಬ್ಬಿಗೂ ಅದೇ ಆಶೀರ್ವಾದವಾಯಿತು.

ಗಂಡು ಬಂದ ದಿನ

ಅಜ್ಜಿಯ ಬಾಯಿ ಫಲಿಸಿತು. ನನ್ನ ಅಣ್ಣನಿಗೆ ಮದರಾಸಿನಿಂದ ಮೈಸೂರಿಗೆ ವರ್ಗವಾಯಿತು, ಅವನು ಸಾಮಾನಿನ ಲಾರಿ ಸಮೇತ ಊಟಕ್ಕೆ ನಮ್ಮಲ್ಲಿ ಇಳಿದ. ಹಾಸಿಗೆಗಳ ನಡುವೆ ಒಂದು ಟೀವಿ ಇತ್ತು. ಅದನ್ನು ಇಳಿಸಿದರೇ ಅನ್ನ ಬಡಿಸುವುದು ಅಂದೆ. ಆಚೀಚೆ ಮನೆಯವರಲ್ಲಿ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರನ್ನು ಕರೆದೆ. ಇಬ್ಬರೂ ಡಬ್ಬಿಯನ್ನು ಸೆರಗಿನಡಿ ಇಟ್ಟುಕೊಂಡು ಬಂದು, ಎದುರುಬದುರಾಗಿ ಮುಖ ತಿರುಗಿಸಿ ಕೂತರು.

ಅಣ್ಣ ಮೊದಲು ಕಪ್ಪು ಡಬ್ಬಿ ಸಿಕ್ಕಿಸಿದ. ಪರದೆಯ ಮೇಲೆ ಎರಡು ಬಿಳಿ ಗೆರೆ, ನಡುವೆ ಓಡಾಡುವ ಒಂದು ಚುಕ್ಕಿ. ಎಡಮನೆಯಾಕೆಯ ಮುಖ ಅರಳಿತು. ಆಮೇಲೆ ಕಿತ್ತಳೆ ಡಬ್ಬಿ. ಅದೇ ಎರಡು ಗೆರೆ, ಅದೇ ಚುಕ್ಕಿ. ಅಣ್ಣ ಆರೂ ಆಟದ ಗುಂಡಿ ಒತ್ತಿದ, ಗೆರೆ ಒಂದಿಷ್ಟು ಅತ್ತ ಇತ್ತ ಆಯಿತು ಅಷ್ಟೆ. ಪಿಸ್ತೂಲಿಗೂ ಹೊಡೆಯಲು ಸಿಕ್ಕಿದ್ದು ಚುಕ್ಕಿಯೇ.

ಬಲಮನೆಯಾಕೆ ಮೆಲ್ಲಗೆ, "ಈ ಚುಕ್ಕಿಗಾ ನಾವು ಮಾತು ಬಿಟ್ಟಿದ್ದು?" ಅಂದರು. ಎಡಮನೆಯಾಕೆ ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವ ತನಕ ನಿಲ್ಲಿಸಲಿಲ್ಲ. ನನಗೂ ಬಂತು. ಇಬ್ಬರೂ ಒಂದೊಂದು ತಿರುಪು ಹಿಡಿದು ಕೂತರು. ಎಡಮನೆಯಾಕೆಯೇ ಗೆದ್ದರು, ಗೋಡೆಯ ಮುಂದೆ ಮಾಡಿದ ಅಭ್ಯಾಸ ಸುಳ್ಳಾಗಲಿಲ್ಲ. ಹೊರಗೆ ಲಾರಿಯವನು ಹಾರನ್ ಬಾರಿಸುತ್ತಿದ್ದ, ಒಬ್ಬರೂ ಏಳಲಿಲ್ಲ.

ಅಷ್ಟರಲ್ಲಿ ಸಂಜೆಯ ಹಾಲು ತಂದ ಅಜ್ಜಿ ಬಾಗಿಲಲ್ಲಿ ನಿಂತಳು. ಅಕ್ಕಪಕ್ಕ ಕೂತ ಎರಡು ಡಬ್ಬಿ ನೋಡಿದಳು, ಟೀವಿ ನೋಡಿದಳು. ಇದೇಯಾ ಗಂಡು ಅಂದಳು. ಹೂಂ ಅಂದೆ. ಈ ಎರಡಕ್ಕೂ ಇದೊಂದೇಯಾ ಅಂದಳು. ಹೂಂ ಅಂದೆ. ಅಜ್ಜಿ ಹಾಲಿನ ಕ್ಯಾನು ಕೆಳಗಿಟ್ಟು ಹಣೆ ಚಚ್ಚಿಕೊಂಡಳು.

"ತಪ್ಪು ನಂದೇ ಕಣವ್ವ. ಎಲ್ಡಕ್ಕೂ ಗಂಡು ಸಿಗ್ಲಿ ಅಂತ ಅಕ್ಸತೆ ಆಕ್ದೆ, ಬ್ಯಾರೆ ಬ್ಯಾರೆ ಗಂಡು ಅನ್ನೋದ ಮರ್ತ್‌ಬುಟ್ಟೆ."